ಯುದ್ಧಕಾಲದ ಹಳೆಯ ರೈಫಲ್: ಮುದ್ರೆ ಓದಿ, ನಳಿಗೆ ನೋಡಿ, ಆಮೇಲೆ ಬೆಲೆ ಮಾತಾಡಿ

ಎರಡು ಮಹಾಯುದ್ಧಗಳ ಕಾಲದ ರೈಫಲ್ ಸಂಗ್ರಹಿಸಲು ಹೊರಟವರ ಕಣ್ಣು ಮೊದಲು ಬೀಳುವುದು ಹೊಳಪಿನ ಮೇಲೆ. ಲೋಹ ಕಪ್ಪಗೆ ಮಿಂಚುತ್ತಿದೆ, ಮರ ನುಣ್ಣಗಿದೆ, ಹಾಗಾದರೆ ಒಳ್ಳೆಯ ಮಾಲು ಎಂದುಕೊಳ್ಳುತ್ತಾರೆ. ಈ ಹವ್ಯಾಸದಲ್ಲಿ ಲೆಕ್ಕ ತಲೆಕೆಳಗು. ಎಂಬತ್ತು ವರ್ಷ ಹಳೆಯ ಸೈನಿಕ ಕೋವಿ ಹೊಚ್ಚಹೊಸದರಂತೆ ಕಾಣುತ್ತಿದ್ದರೆ, ಬಹುಪಾಲು ಯಾರೋ ಅದನ್ನು ಉಜ್ಜಿದ್ದಾರೆ, ಮೇಲ್ಲೇಪ ಹೊಸದಾಗಿ ಹಾಕಿಸಿದ್ದಾರೆ, ಮುದ್ರೆಗಳನ್ನು ಅರ್ಧ ಅಳಿಸಿದ್ದಾರೆ. ಹುಡುಕಬೇಕಾದದ್ದು ಹೊಂದಾಣಿಕೆಯನ್ನು. ಮುದ್ರೆ, ಸಂಖ್ಯೆ, ಮರ, ಸವೆತ ಇವೆಲ್ಲ ಒಂದೇ ಮಾತು ಆಡುತ್ತಿವೆಯೇ? ಇಲ್ಲವಾದರೆ ಮಾತು ಎಲ್ಲಿ ತಪ್ಪಿತು? ಅದನ್ನು ಪತ್ತೆ ಮಾಡುವ ಕ್ರಮ ಇಲ್ಲಿದೆ.

ಮೊದಲು ಕಾನೂನು

ನೀವಿರುವ ದೇಶದ ಕಾನೂನು ಓದದೆ ಮುಂಗಡ ಕೊಡಬೇಡಿ. ಅಮೆರಿಕದ 1968ರ ಕಾಯ್ದೆ 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದ ಬಂದೂಕನ್ನು ಪುರಾತನ ವಸ್ತುವೆಂದು ಎಣಿಸುತ್ತದೆ. 50 ವರ್ಷ ದಾಟಿದವುಗಳಿಗೆ ಅಲ್ಲಿ ಸಂಗ್ರಾಹಕರ ಬೇರೆಯದೇ ಲೈಸೆನ್ಸ್ ಇದೆ. ಬ್ರಿಟನ್ನಿನಲ್ಲಿ ಬಹಳ ಜನ ಇಟ್ಟುಕೊಳ್ಳುವುದು ನಿಷ್ಕ್ರಿಯಗೊಳಿಸಿ ಪ್ರಮಾಣಪತ್ರ ಪಡೆದ ರೈಫಲ್‌ಗಳನ್ನು. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ವಿನಾಯಿತಿ ಇರುವುದು ರಿಪೇರಿ ಮಾಡಿದರೂ ಹಾರಿಸಲಾಗದ ಹಳೆಯ ಆಯುಧಕ್ಕೆ ಮಾತ್ರ. "ಹಳೇದಲ್ವಾ, ಲೈಸೆನ್ಸ್ ಬೇಡ" ಎನ್ನುವ ಮಾರಾಟಗಾರನ ಮಾತನ್ನು ಎಲ್ಲಿಯೂ ನೆಚ್ಚಬೇಡಿ.

ತಯಾರಾದ ವರ್ಷವೆಂದರೆ ಯಾವುದು ಎಂಬುದರಲ್ಲೂ ಒಂದು ಸ್ವಾರಸ್ಯವಿದೆ. ಫಿನ್ಲೆಂಡ್ ಸೇನೆ ತನ್ನ ಎಂ39 ರೈಫಲ್‌ಗಳನ್ನು ಕಟ್ಟಿದ್ದು ರಷ್ಯಾದ ತ್ಸಾರ್ ಕಾಲದ ಹಳೆಯ ಮೋಸಿನ್ ರೈಫಲ್ಲಿನ ರಿಸೀವರ್‌ಗಳ ಮೇಲೆ. ರಿಸೀವರ್ ಎಂದರೆ ನಳಿಗೆಯ ಬುಡವನ್ನು ಹಿಡಿದಿರುವ ಉಕ್ಕಿನ ಮೈಭಾಗ. ನಳಿಗೆಯ ಮೇಲೆ 1941 ಎಂದಿರುತ್ತದೆ; ರಿಸೀವರ್‌ನ ಹಿಂಬಾಲದ ಅಡಿಯಲ್ಲಿ, ಮರದೊಳಗೆ ಹುದುಗಿದ ಕಡೆ, 1896 ಎಂದೂ ಇರಬಹುದು. ಅಮೆರಿಕದ ಕಾನೂನು ನೋಡುವುದು ರಿಸೀವರನ್ನು. ಹೀಗಾಗಿ ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ರೈಫಲ್ಲೊಂದು ಅಲ್ಲಿ ಕಾನೂನಿನ ಕಣ್ಣಿಗೆ ಹತ್ತೊಂಬತ್ತನೇ ಶತಮಾನದ ವಸ್ತು.

ಕೈಗೆ ಎತ್ತಿಕೊಂಡ ಕೂಡಲೇ

ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ, ಹಿಡಿಯಿರುವ ಉಕ್ಕಿನ ಭಾಗ) ಎಳೆದು ತೆರೆಯಿರಿ. ಚೇಂಬರ್, ಅಂದರೆ ತೋಟೆ ಕೂರುವ ಗೂಡು, ಖಾಲಿಯೇ ಎಂದು ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿಯೂ ನೋಡಿ. ಮ್ಯಾಗಜೀನ್ ಪರೀಕ್ಷಿಸಿ. ಈಗಷ್ಟೇ ಬೇರೆಯವರು ನಿಮ್ಮೆದುರೇ ನೋಡಿಟ್ಟಿದ್ದರೂ ನೀವು ಮತ್ತೊಮ್ಮೆ ನೋಡಬೇಕು. ಮಾಲೀಕರ ಒಪ್ಪಿಗೆ ಇಲ್ಲದೆ ಖಾಲಿ ಕುದುರೆ (ಟ್ರಿಗರ್) ಎಳೆಯುವುದು ಅಸಭ್ಯತೆ. ತೋಟೆಯನ್ನು ಸಿಡಿಸುವ ಹಳೆಯ ಸೂಜಿ ಮುರಿದರೆ ನಷ್ಟವೂ ನಿಮ್ಮದೇ.

ಮುದ್ರೆ ಓದುವುದು

ಭಾರತದಲ್ಲಿ ತ್ರೀ ನಾಟ್ ತ್ರೀ ಎಂದೇ ಹೆಸರಾದ ಲೀ-ಎನ್‌ಫೀಲ್ಡ್‌ನಿಂದ ಶುರುಮಾಡೋಣ. ಓದು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಬೋಲ್ಟ್ ಹಿಡಿಯ ಕೆಳಗೆ, ಹಿಂಬದಿಯ ಮರದ ಬಟ್ಟು (ಭುಜಕ್ಕೆ ಒತ್ತಿ ಹಿಡಿಯುವ ಭಾಗ) ಲೋಹಕ್ಕೆ ಸೇರುವ ಜಾಗದಲ್ಲಿ ಒಂದು ಉಕ್ಕಿನ ಪಟ್ಟಿಯಿದೆ. ಅದರ ಬಲಬದಿಯನ್ನು ಓರೆ ಬೆಳಕಿಗೆ ಹಿಡಿಯಿರಿ. ಮೇಲೊಂದು ಕಿರೀಟ, ಅದರಡಿ ದೊರೆಯ ಹೆಸರಿನ ಅಕ್ಷರಗಳು (ಜಾರ್ಜ್ ಆದರೆ ಜಿ.ಆರ್.), ಅದರಡಿ ಕಾರ್ಖಾನೆ, ವರ್ಷ, ಕೊನೆಗೆ ಮಾದರಿ. ಇಷ್ಟನ್ನೇ ಓದಿದರೆ ಅರ್ಧ ಚರಿತ್ರೆ ಸಿಕ್ಕಂತೆ. ಬಿ.ಎಸ್.ಎ. ಎಂದಿದ್ದರೆ ಬರ್ಮಿಂಗ್‌ಹ್ಯಾಮ್. ಲಿತ್ಗೋ ಎಂದಿದ್ದರೆ ಆಸ್ಟ್ರೇಲಿಯಾ. ಅಲ್ಲಿನ ಕಾರ್ಖಾನೆಯಲ್ಲಿ ರೈಫಲ್ ತಯಾರಾದದ್ದು 1913ರಿಂದ, ಅದಕ್ಕೂ ಹಿಂದಿನ ವರ್ಷದೊಂದಿಗೆ ಆ ಹೆಸರು ಕಂಡರೆ ರೈಫಲ್ ಕೆಳಗಿಡಬಹುದು. ಇಶಾಪುರ ಎಂದಿದ್ದರೆ ಬಂಗಾಳದ ರೈಫಲ್ ಕಾರ್ಖಾನೆ; ಸ್ವಾತಂತ್ರ್ಯಕ್ಕೆ ಮುಂಚಿನದರಲ್ಲಿ ದೊರೆಯ ಅಕ್ಷರ ಜಿ.ಆರ್.ಐ. ಎಂದಿರುತ್ತದೆ, ಕೊನೆಯ ಐ ಚಕ್ರವರ್ತಿ ಪದವಿಯದು.

ಈಗ ಮಾದರಿಯನ್ನು ರೈಫಲ್‌ನ ಜತೆ ತಾಳೆ ನೋಡಿ. ಮಾರ್ಕ್ 3 ಬಂದದ್ದು 1907ರಲ್ಲಿ. ಒಂದು ಸಲಕ್ಕೆ ಒಂದೇ ತೋಟೆ ಹಾಕಿ ಹಾರಿಸಲು ಮ್ಯಾಗಜೀನನ್ನು ಮುಚ್ಚುವ ತಗಡು, ದೂರಕ್ಕೆ ಗುಂಪಾಗಿ ಹಾರಿಸಲು ಎಡಬದಿಯಲ್ಲಿ ಹೆಚ್ಚುವರಿ ಗುರಿಪಟ್ಟಿ, ಗಾಳಿಗೆ ತಕ್ಕಂತೆ ಪಕ್ಕಕ್ಕೆ ಸರಿಸಬಹುದಾದ ಹಿಂಗುರಿ (ಗುರಿ ನೋಡುವ ಹಿಂದಿನ ಪಟ್ಟಿ) ಎಲ್ಲವೂ ಅದರಲ್ಲಿದ್ದವು. ಯುದ್ಧದ ಅವಸರ ಹೆಚ್ಚಿದಾಗ ಇವನ್ನು ಕೈಬಿಟ್ಟು ತಯಾರಿಸಿದ್ದು 1916ರ ಮಾರ್ಕ್ 3 ನಕ್ಷತ್ರ. ಹಳೆಯ ಭಾಗಗಳು ಮುಗಿಯುವವರೆಗೆ ಕಾರ್ಖಾನೆಗಳು ಅವನ್ನೇ ಬಳಸಿದ್ದರಿಂದ 1916, 1917ರ ರೈಫಲ್ಲಿನಲ್ಲಿ ಎರಡರ ಲಕ್ಷಣ ಬೆರೆತಿದ್ದರೆ ಗಾಬರಿ ಬೇಡ. ಆದರೆ 1918ರ ನಕ್ಷತ್ರ ಮಾದರಿಯಲ್ಲಿ ಎಲ್ಲ ಅಲಂಕಾರವೂ ಮಿಂಚುತ್ತಾ ಕೂತಿದ್ದರೆ, ಈಚೆಗೆ ಯಾರೋ ಬೆಲೆ ಏರಿಸಲು ತಂದು ಜೋಡಿಸಿದ್ದಾರೆ ಎಂದು ಸಂಶಯಪಡಲು ಕಾರಣವಿದೆ.

ಅಲ್ಲಿಂದ ಸಂಖ್ಯೆಗಳಿಗೆ ಬನ್ನಿ. ರಿಸೀವರ್ ಮುಂಭಾಗದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಬೋಲ್ಟ್ ಹಿಡಿಯ ಹಿಂಬದಿ, ನಳಿಗೆಯ ಬುಡ, ಹಿಂಗುರಿ ಪಟ್ಟಿಯ ಅಡಿ, ಮೂತಿಯ ಲೋಹದ ಟೋಪಿ, ಅದರ ಹತ್ತಿರ ಮುಂಮರದ ತಳ: ಐದೂ ಕಡೆ ಅದೇ ಸಂಖ್ಯೆ ಸಿಗಬೇಕು. ಸಂಖ್ಯೆ ಒಂದೇ ಇದ್ದರೆ ಸಾಲದು, ಅಂಕಿಗಳ ಆಕಾರ ನೋಡಿ. ಒಂದು ಕಡೆ 4ರ ತಲೆ ತೆರೆದಿದ್ದು ಇನ್ನೊಂದು ಕಡೆ ಮುಚ್ಚಿದ್ದರೆ ಎರಡನ್ನೂ ಬೇರೆ ಬೇರೆ ಅಚ್ಚಿನಿಂದ ಹೊಡೆದಿದ್ದಾರೆ. ಹಳೆಯ ಸಂಖ್ಯೆಗೆ ಗೀಟು ಎಳೆದು ಪಕ್ಕದಲ್ಲಿ ಹೊಸದನ್ನು ಹೊಡೆದಿದ್ದರೆ ಅದು ಸೇನೆಯ ಕಾರ್ಯಾಗಾರದ ಪ್ರಾಮಾಣಿಕ ಕೆಲಸ. ಹಳೆಯದನ್ನು ಅರದಿಂದ ಉಜ್ಜಿ, ಆ ತಗ್ಗಿನಲ್ಲಿ ಚೂಪಾದ ಹೊಸ ಅಂಕಿ ಕೂರಿಸಿದ್ದರೆ ಬೇರೆಯೇ ಕಥೆ. ಎಂಬತ್ತು ವರ್ಷ ಬೆರಳು ತಾಗಿದ ಅಂಕಿಯ ಅಂಚು ಮೊಂಡಾಗಿರುತ್ತದೆ. ಹೊಸ ಅಚ್ಚಿನ ಅಂಚು ಉಗುರಿಗೆ ಹತ್ತುತ್ತದೆ.

ಒಂದು ಮೋಜಿನ ಮುದ್ರೆಯನ್ನೂ ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧದ ಲಿತ್ಗೋ ರೈಫಲ್‌ಗಳ ಮರದ ಮೇಲೆ ಸ್ಲಾಜ್ ಎಂಬ ಅಚ್ಚು ಮತ್ತು ವರ್ಷ ಕಾಣಸಿಗುತ್ತದೆ. ಅದು ಟೆನಿಸ್ ರಾಕೆಟ್ಟಿನ ಸ್ಲಾಜೆಂಜರ್ ಕಂಪನಿಯೇ. ಯುದ್ಧಕಾಲದಲ್ಲಿ ಅವರ ಮರಗೆಲಸ ಹೀಗೆ ಬಳಕೆಯಾಯಿತು.

ಒಂದೊಂದು ಸೇನೆಗೆ ಒಂದೊಂದು ಪದ್ಧತಿ

"ಎಲ್ಲ ನಂಬರೂ ಮ್ಯಾಚಿಂಗ್" ಎಂಬ ಮಾತು ಜಾಹೀರಾತುಗಳಲ್ಲಿ ಧಾರಾಳ. ಯಾವ ರೈಫಲ್ಲಿಗೆ ಅದು ಅನ್ವಯಿಸುತ್ತದೆ ಎಂದು ತಿಳಿದಿರಬೇಕು.

ಜರ್ಮನ್ ಕೆ98ಕೆ ಈ ವಿಷಯದಲ್ಲಿ ತುಂಬಾ ಶಿಸ್ತಿನದು. 1935ರಲ್ಲಿ ಸೇನೆಗೆ ಸೇರಿದ ಈ ಮೌಸರ್‌ನಲ್ಲಿ ಬೋಲ್ಟ್, ಬ್ಯಾಂಡ್ (ಮರವನ್ನು ನಳಿಗೆಗೆ ಬಿಗಿಯುವ ಲೋಹದ ಪಟ್ಟಿ), ಗುರಿಪಟ್ಟಿ, ಕುದುರೆಯ ಕಟ್ಟು, ಬಟ್ಟಿನ ತಗಡು ಹೀಗೆ ಸಣ್ಣಪುಟ್ಟ ಭಾಗಗಳಿಗೂ ಸಂಖ್ಯೆ ಹೊಡೆಯುತ್ತಿದ್ದರು. ಕಾರ್ಖಾನೆಯ ಹೆಸರಿನ ಬದಲು ಗುಪ್ತ ಸಂಕೇತ: ಓಬರ್ನ್‌ಡಾರ್ಫ್‌ನ ಮೌಸರ್ ಕಾರ್ಖಾನೆಗೆ ಮೊದಲು ಎಸ್/42, ಆಮೇಲೆ ಬರೀ 42, 1941ರಿಂದ ಬಿ-ವೈ-ಎಫ್ ಎಂಬ ಮೂರು ಸಣ್ಣಕ್ಷರ. ಪಕ್ಕದಲ್ಲಿ ತಪಾಸಕರ ಹದ್ದಿನ ಮುದ್ರೆಗಳು. ಸಂಕೇತ, ವರ್ಷ, ಹದ್ದಿನ ಕೆಳಗಿನ ಅಂಕಿ ಮೂರೂ ಒಂದಕ್ಕೊಂದು ಕೂಡಿಬರಬೇಕು.

ಅಮೆರಿಕದ ಎಂ1 ಗರಾಂಡ್‌ಗೆ ಈ ಲೆಕ್ಕ ನಡೆಯುವುದೇ ಇಲ್ಲ. 1936ರಲ್ಲಿ ಅಂಗೀಕಾರವಾದ ಇದರಲ್ಲಿ ಸರಣಿ ಸಂಖ್ಯೆ ಇರುವುದು ರಿಸೀವರ್ ಮೇಲೆ ಮಾತ್ರ. ಉಳಿದ ಭಾಗಗಳ ಮೇಲಿರುವುದು ಆಯಾ ಭಾಗದ ನಕ್ಷೆಯ ಸಂಖ್ಯೆ. ಆದ್ದರಿಂದ ಯಾರಾದರೂ ಗರಾಂಡ್ ಮಾರುತ್ತಾ ನಂಬರ್ ಮ್ಯಾಚಿಂಗ್ ಎಂದರೆ ಅವರಿಗೆ ವಿಷಯ ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಿಲ್ಲವೆಂದು ಅಂದಾಜು ಮಾಡಿದ್ದಾರೆ. ಇಲ್ಲಿ ನೋಡಬೇಕಾದದ್ದು ಆ ಸರಣಿಯ ಕಾಲಕ್ಕೆ ಆ ನಕ್ಷೆಯ ಭಾಗಗಳು ಹೊಂದುತ್ತವೆಯೇ ಎಂಬುದನ್ನು. ಬೋಲ್ಟನ್ನು ಆಡಿಸುವ ಆಪರೇಟಿಂಗ್ ರಾಡನ್ನು ಹಿಂದಕ್ಕೆಳೆದರೆ ನಳಿಗೆಯ ಬದಿಯಲ್ಲಿ ತಿಂಗಳು, ವರ್ಷ ಕಾಣುತ್ತದೆ. ರಿಸೀವರ್ 1943ರದ್ದಾಗಿ ನಳಿಗೆ 1950ರ ದಶಕದ್ದಾದರೆ ಅದು ಡಿಪೋದಲ್ಲಿ ಮರುಜೋಡಣೆಯಾದ ರೈಫಲ್. ಹೆಚ್ಚಿನ ಗರಾಂಡ್‌ಗಳು ಹಾಗೆಯೇ ಇವೆ, ಅದರಲ್ಲಿ ನಾಚಿಕೆಯೇನಿಲ್ಲ. ನಾಚಿಕೆ ಇರುವುದು ಅದನ್ನು ಕಾರ್ಖಾನೆಯಿಂದ ಬಂದ ಹಾಗೇ ಇದೆ ಎಂದು ಮಾರುವುದರಲ್ಲಿ.

ಸೋವಿಯತ್ ಮೋಸಿನ್ 91/30ರಲ್ಲಿ ತೂಲಾ ಕಾರ್ಖಾನೆಗೆ ನಕ್ಷತ್ರದೊಳಗೆ ಬಾಣ, ಇಝೆವ್ಸ್ಕ್‌ಗೆ ತ್ರಿಕೋನದೊಳಗೆ ಬಾಣ. ಯುದ್ಧಾನಂತರ ಇವುಗಳಲ್ಲಿ ಲಕ್ಷಾಂತರ ರೈಫಲ್‌ಗಳನ್ನು ಬಿಚ್ಚಿ, ಸರಿಮಾಡಿ, ಬೋಲ್ಟ್‌ಗಳ ಮೇಲೆ ಹೊಸದಾಗಿ ಸಂಖ್ಯೆ ಹೊಡೆದು ಗೋದಾಮಿಗೆ ಹಾಕಿದರು. ಬಲವಂತದ ಹೊಂದಿಕೆ ಎನ್ನಬಹುದು. ರಿಸೀವರಿನ ಮೇಲೆ ಎಸ್.ಎ. ಎಂಬ ಚೌಕಟ್ಟಿನ ಮುದ್ರೆ ಕಂಡರೆ ಆ ರೈಫಲ್ ಫಿನ್ಲೆಂಡ್ ಸೇನೆಯ ಕೈಗೂ ಹೋಗಿಬಂದಿದೆ.

ಜಪಾನಿನ ಅರಿಸಾಕಾದಲ್ಲಿ ಮೊದಲು ನೋಡುವುದು ಚೇಂಬರಿನ ಮೇಲಿನ ಹದಿನಾರು ದಳದ ಸೇವಂತಿಗೆಯನ್ನು. ಅದು ಚಕ್ರವರ್ತಿಯ ಲಾಂಛನ. ಶರಣಾಗತಿಯ ಹೊತ್ತಿಗೆ ಬಹಳಷ್ಟನ್ನು ಉಜ್ಜಿ ಅಳಿಸಲಾಯಿತು. ಹೂವು ಉಳಿದಿದ್ದರೆ ಬೆಲೆ ಹೆಚ್ಚು, ಹಾಗಾಗಿ ಅಳಿಸಿದ ಜಾಗದಲ್ಲಿ ಮತ್ತೆ ಕೊರೆದು ಮಾರುವವರೂ ಇದ್ದಾರೆ. ರಿಸೀವರಿನ ದುಂಡನೆಯ ಬೆನ್ನನ್ನು ಪಕ್ಕದಿಂದ ನೋಡಿ: ಹೂವಿರುವ ಕಡೆ ಸ್ವಲ್ಪ ಚಪ್ಪಟೆಯಾಗಿದ್ದರೆ ಅಲ್ಲಿ ಒಮ್ಮೆ ಅರ ಆಡಿದೆ.

ದುರಸ್ತಿ ಬೇರೆ, ಮೋಸ ಬೇರೆ

ಹೊಸಬರು ಎಡವುವುದು ಬಹುಪಾಲು ಇಲ್ಲಿಯೇ. ಬ್ರಿಟಿಷ್ ರೈಫಲ್ ಮೇಲೆ ಎಫ್.ಟಿ.ಆರ್. ಎಂದೂ ಒಂದು ವರ್ಷವೂ ಇದ್ದರೆ ಅದು ಆ ವರ್ಷ ಕಾರ್ಖಾನೆಯಲ್ಲಿ ಪೂರ್ತಿ ದುರಸ್ತಿಯಾಗಿ ಮತ್ತೆ ಸೇವೆಗೆ ಹೋಗಿದೆ. ಅದೂ ಅದರ ಚರಿತ್ರೆಯೇ. ಸೋವಿಯತ್ ಸೇನೆ ವಶಪಡಿಸಿಕೊಂಡ ಕೆ98ಕೆಗಳ ವಿಷಯ ಇನ್ನೂ ಸ್ವಾರಸ್ಯ. ಅವನ್ನು ರಾಶಿ ಹಾಕಿ, ಬಿಚ್ಚಿ, ಭಾಗಗಳನ್ನೆಲ್ಲ ಬೆರೆಸಿ ಮತ್ತೆ ಜೋಡಿಸಿದರು. ಬೋಲ್ಟಿನ ಮೇಲೆ ವಿದ್ಯುತ್ ಲೇಖನಿಯಲ್ಲಿ ಗೀಚಿದ ರಿಸೀವರ್ ಸಂಖ್ಯೆ, ಮರದ ಮೇಲೆ ಕೆಂಪುಛಾಯೆಯ ದಪ್ಪ ಅರಗಿನ ವಾರ್ನಿಷ್, ಹಲವುಗಳಲ್ಲಿ ರಿಸೀವರ್ ಬಳಿ ಒಂದು ಓರೆ ಗುಣಾಕಾರ ಚಿಹ್ನೆ: ಇವು ಅವುಗಳ ಲಕ್ಷಣ. ಬೆಲೆ ಕಡಿಮೆ, ಕಥೆ ಜಾಸ್ತಿ. ಮೊದಲ ಮೌಸರ್ ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ. ಆದರೆ ಅದೇ ವಾರ್ನಿಷ್ ಕೆರೆದು, ಗೀಚಿದ ಸಂಖ್ಯೆ ಉಜ್ಜಿ, ಅಲ್ಲಿ ಜರ್ಮನ್ ಅಚ್ಚಿನ ಅಂಕಿ ಹೊಡೆದು, ಸೈನಿಕನೊಬ್ಬ ಯುದ್ಧಭೂಮಿಯಿಂದ ಮನೆಗೆ ತಂದದ್ದು ಎಂದು ಮಾರುವುದೂ ನಡೆದಿದೆ. ಮರದ ಸಂದುಗಳಲ್ಲಿ, ಬ್ಯಾಂಡಿನ ಅಡಿಯಲ್ಲಿ ಅರಗಿನ ಚೂರು ಉಳಿದಿರುತ್ತದೆ. ಅಲ್ಲಿ ಟಾರ್ಚ್ ಬಿಡಿ.

ಒರಟುತನವನ್ನೂ ದೋಷವೆಂದುಕೊಳ್ಳಬೇಡಿ. 1942, 43ರ ಮೋಸಿನ್ ರಿಸೀವರ್ ಮೇಲೆ ಲೇತಿನ ಗೀರುಗಳು ಹಾಗೇ ಇರುತ್ತವೆ. ಶತ್ರು ಬಾಗಿಲಿಗೆ ಬಂದಿದ್ದಾಗ ಪಾಲಿಷ್ ಮಾಡಲು ಪುರುಸೊತ್ತು ಯಾರಿಗಿತ್ತು? 1945ರ ಟೈಪ್ 99 ಅರಿಸಾಕಾಗೆ ಬಟ್ಟಿನ ತಗಡಿನ ಜಾಗದಲ್ಲಿ ಮರದ ತುಂಡು, ಎತ್ತರ ಹೊಂದಿಸಲಾಗದ ಗುರಿ. ಅದೇ ಮಾದರಿಯ 1940ರ ರೈಫಲ್ಲಿನಲ್ಲಿ ವಿಮಾನಕ್ಕೆ ಗುರಿಯಿಡಲು ರೆಕ್ಕೆಪಟ್ಟಿ, ನಳಿಗೆಯೊಳಗೆ ಕ್ರೋಮ್, ಮುಂದೊಂದು ತಂತಿಯ ಊರುಗೋಲು ಎಲ್ಲ ಇದ್ದವು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ದೇಶದ ಕಚ್ಚಾಮಾಲು ಐದು ವರ್ಷದಲ್ಲಿ ಎಲ್ಲಿಗೆ ಬಂತೆಂದು ಕಣ್ಣಿಗೇ ಕಾಣುತ್ತದೆ. ಅಂಥ ಒರಟು ರೈಫಲನ್ನು ನಯಗೊಳಿಸುವುದು ಅದರ ಗುರುತನ್ನೇ ಅಳಿಸಿದಂತೆ.

ನಳಿಗೆಯ ಒಳಗೆ

ಬೋಲ್ಟ್ ಹೊರತೆಗೆದು ಹಿಂದಿನಿಂದ ಬೆಳಕು ಹಿಡಿದು ನೋಡಿ. ಕೊಳೆ ತುಂಬಿದ್ದರೆ ಬಟ್ಟೆ ಓಡಿಸಲು ಒಪ್ಪಿಗೆ ಕೇಳಿ. ಕಪ್ಪಾಗಿ ಕಂಡ ನಳಿಗೆ ಒಮ್ಮೊಮ್ಮೆ ಬರೀ ಗಟ್ಟಿಯಾದ ಗ್ರೀಸ್. ಗುಂಡನ್ನು ತಿರುಗಿಸುವ ಸುರುಳಿ ಗೀರುಗಳ ಅಂಚು ಚೂಪಾಗಿದ್ದು ತಳ ಸ್ವಲ್ಪ ಮಸುಕಾಗಿದ್ದರೆ ಚಿಂತೆಯಿಲ್ಲ. ಅಂಚೇ ದುಂಡಾಗಿದ್ದರೆ ನಳಿಗೆ ಸವೆದಿದೆ. ತುಕ್ಕು ತಿಂದ ಕುಳಿಗಳು ಆ ಕಾಲದ ತೋಟೆಗಳ ಬಳುವಳಿ. ಅವುಗಳ ಪ್ರೈಮರಿನಲ್ಲಿ (ಮದ್ದಿಗೆ ಕಿಡಿ ಹತ್ತಿಸುವ ಬುಡದ ಭಾಗ) ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಹಾರಿಸಿದ ಮೇಲೆ ನಳಿಗೆಯಲ್ಲಿ ಉಪ್ಪು ಉಳಿದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗದು. ನೀರಿನಿಂದ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು; ಹಾಗೆ ಮಾಡದವರ ರೈಫಲ್ ಹೀಗಾಗುತ್ತದೆ. ನಳಿಗೆಯ ಉದ್ದದಲ್ಲಿ ಎಲ್ಲಾದರೂ ಕಪ್ಪು ಉಂಗುರದಂಥ ನೆರಳು ಕಂಡರೆ ಅಲ್ಲಿ ಉಬ್ಬಿದೆ. ಅದನ್ನು ಹಾರಿಸುವ ಯೋಚನೆ ಬಿಡಿ.

ಬಾಯಿಯ ಸವೆತಕ್ಕೆ ಹೆಚ್ಚಿನ ಕಾರಣ ಗುಂಡಲ್ಲ, ಮುಂದಿನಿಂದ ತಿಕ್ಕಿದ ಶುಚಿಗೊಳಿಸುವ ಕಡ್ಡಿ. ಮದ್ದಿಲ್ಲದ ಡಮ್ಮಿ ತೋಟೆಯ ಗುಂಡಿನ ತುದಿಯನ್ನು ಬಾಯಿಗೆ ಇಟ್ಟು ನೋಡುವುದು ಹಳೆಯ ಒರಟು ಪರೀಕ್ಷೆ: ಗುಂಡು ಹಿತ್ತಾಳೆಯ ಅಂಚಿನವರೆಗೂ ಇಳಿದುಹೋದರೆ ಬಾಯಿ ದೊಡ್ಡದಾಗಿದೆ. ಮೋಸಿನ್‌ಗಳಲ್ಲಿ ಬಾಯಿಯಿಂದ ಒಳಕ್ಕೆ ಸ್ವಲ್ಪ ದೂರ ಸುರುಳಿಯೇ ಇಲ್ಲದಂತೆ ಅಗಲಿಸಿ ಕೊರೆದದ್ದು ಕಂಡರೆ, ಸವೆದ ತುದಿಯನ್ನು ಡಿಪೋದವರು ಹೀಗೆ ಸರಿಪಡಿಸಿದ್ದಾರೆ. ಗುರಿ ಚೆನ್ನಾಗಿಯೇ ಇರಬಹುದು, ಆದರೆ ಸಂಗ್ರಹದ ಬೆಲೆ ಇಳಿಯುತ್ತದೆ.

ಹಾರಿಸಬಾರದವು

ಹಾರಿಸಲೆಂದು ಕೊಳ್ಳುವವರು ಗನ್‌ಸ್ಮಿತ್ ಹತ್ತಿರ ಹೆಡ್‌ಸ್ಪೇಸ್ ಅಳೆಸದೆ ಒಂದು ಗುಂಡೂ ಹಾರಿಸಬಾರದು. ಬೋಲ್ಟ್ ಮುಖಕ್ಕೂ, ಚೇಂಬರಿನಲ್ಲಿ ತೋಟೆಯನ್ನು ಮುಂದೆ ಹೋಗದಂತೆ ತಡೆಯುವ ಜಾಗಕ್ಕೂ ಇರುವ ಅಂತರ ಅದು. ಬೇರೆ ರೈಫಲ್ಲಿನ ಬೋಲ್ಟ್ ಹಾಕಿದ್ದರೆ ಅದು ತಪ್ಪಿರಬಹುದು, ತಪ್ಪಿದರೆ ತೋಟೆ ಒಡೆದು ಮುಖಕ್ಕೆ ಅನಿಲ ಬಡಿಯುತ್ತದೆ. ಲೀ-ಎನ್‌ಫೀಲ್ಡ್ ನಂಬರ್ 4ರಲ್ಲಿ ಇದನ್ನು ಹೊಂದಿಸಲೆಂದೇ 0ಯಿಂದ 3ರವರೆಗೆ ನಾಲ್ಕು ಅಳತೆಯ ಬೋಲ್ಟ್ ತಲೆಗಳಿದ್ದವು.

ಕೆಲವನ್ನು ಗೋಡೆಗಷ್ಟೇ ತೂಗುಹಾಕಬೇಕು. ಅಮೆರಿಕದ ಎಂ1903 ಸ್ಪ್ರಿಂಗ್‌ಫೀಲ್ಡ್‌ಗಳಲ್ಲಿ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯ 8,00,000ಕ್ಕಿಂತ ಕೆಳಗಿನ ಸಂಖ್ಯೆ, ರಾಕ್ ಐಲೆಂಡ್‌ನ 2,85,507ಕ್ಕಿಂತ ಕೆಳಗಿನ ಸಂಖ್ಯೆ ಈ ಪೈಕಿ. ಕುಲುಮೆಯ ಉಕ್ಕಿನ ಬಿಸಿಯನ್ನು ಕೆಲಸಗಾರರು ಬಣ್ಣ ನೋಡಿ ಅಂದಾಜು ಮಾಡುತ್ತಿದ್ದ ಕಾಲದವು ಅವು. ಅತಿಯಾಗಿ ಕಾದ ರಿಸೀವರ್‌ಗಳು ಗಾಜಿನಂತೆ ಪೆಡಸಾಗಿ, ಕೆಲವು ಒಡೆದೂ ಹೋದವು. ಯಾವುದು ಚೆನ್ನಾಗಿದೆ ಎಂದು ಹೊರಗಿನಿಂದ ಹೇಳಲಾಗದು. ಜಪಾನಿನ ತರಬೇತಿ ರೈಫಲ್‌ಗಳು ನೋಡಲು ಅರಿಸಾಕಾದಂತೆಯೇ. ನಳಿಗೆಯೊಳಗೆ ಸುರುಳಿ ಇಲ್ಲ, ಲೋಹ ಕಳಪೆ, ಸದ್ದಿನ ತೋಟೆಗಷ್ಟೇ ಮಾಡಿದ್ದು. ಬ್ರಿಟಿಷ್ ರೈಫಲ್ ಮೇಲೆ ಡಿ.ಪಿ. ಎಂದಿದ್ದರೆ ಕವಾಯತಿಗೆ ಇಳಿಸಿದ್ದು. ಗರಾಂಡ್ ರಿಸೀವರಿನ ಬದಿಯಲ್ಲಿ ಬೆಸುಗೆಯ ಗೆರೆ ಕಂಡರೆ, ಗುಜರಿಗೆಂದು ಕತ್ತರಿಸಿದ್ದನ್ನು ಮತ್ತೆ ಕೂಡಿಸಿದ್ದಾರೆ. ಇನ್ನು ಇಶಾಪುರದ 2ಎ ರೈಫಲ್. ಹೊರಗಿನಿಂದ ತ್ರೀ ನಾಟ್ ತ್ರೀಯಂತೆಯೇ ಕಾಣುತ್ತದೆ, ಒಳಗೆ 7.62 ಮಿ.ಮೀ. ನಾಟೋ ತೋಟೆ. ನೋಟ ನೋಡಿ ತೋಟೆ ತರಬೇಡಿ, ಮುದ್ರೆ ನೋಡಿ ತನ್ನಿ.

ಮರ

ಗೀರು, ತಗ್ಗು, ಬೆವರಿನ ಕಪ್ಪು ಇರಲಿ. ಮರ ಮತ್ತು ಲೋಹ ಸೇರುವ ಕಡೆ ಗಮನ ಕೊಡಿ: ಕಾರ್ಖಾನೆಯಲ್ಲಿ ಮರ ಲೋಹಕ್ಕಿಂತ ತುಸು ಎತ್ತರ ಇರುತ್ತದೆ. ಲೋಹಕ್ಕಿಂತ ತಗ್ಗಾಗಿದ್ದರೆ ಮರಳುಕಾಗದ ಆಡಿದೆ, ಜತೆಗೆ ಮುದ್ರೆಗಳೂ ಹೋಗಿರುತ್ತವೆ. ಮುಂದಿನ ಬ್ಯಾಂಡನ್ನು ಸರಿಸಿ ಅದರಡಿ ನೋಡುವುದನ್ನು ಮರೆಯಬೇಡಿ. ಸೈನಿಕರು ರೈಫಲನ್ನು ಕಿಟ್ ಚೀಲದಲ್ಲಿ ತೂರಿಸಿ ಮನೆಗೆ ಸಾಗಿಸಲು ಮರವನ್ನು ಅಲ್ಲೇ ಗರಗಸದಿಂದ ಕೊಯ್ಯುತ್ತಿದ್ದರು. ಕೆ98ಕೆ, ಅರಿಸಾಕಾಗಳಲ್ಲಿ ಇದು ಸಾಮಾನ್ಯ. ಬ್ಯಾಂಡ್ ಮುಚ್ಚಿಕೊಳ್ಳುವುದರಿಂದ ಮಾರುವವರಿಗೂ ಗೊತ್ತಿರುವುದಿಲ್ಲ. ಸ್ವಿಸ್ ಕೆ31 ಆದರೆ ಬಟ್ಟಿನ ತಗಡು ಬಿಚ್ಚಿ ನೋಡಿ, ಅದನ್ನು ಹೊತ್ತಿದ್ದ ಸೈನಿಕನ ಹೆಸರಿನ ಚೀಟಿ ಒಳಗೆ ಮಡಚಿಟ್ಟಿರಬಹುದು. ಸಿಕ್ಕರೆ ಓದಿ ಅಲ್ಲೇ ಇಡಿ.

ಬೆಲೆ

ಏಣಿಯ ಮೇಲ್ತುದಿಯಲ್ಲಿ ಕಾರ್ಖಾನೆಯಿಂದ ಬಂದ ಹಾಗೇ ಉಳಿದದ್ದು, ಆಮೇಲೆ ಸೇನೆಯೇ ದುರಸ್ತಿ ಮಾಡಿದ್ದು, ಆಮೇಲೆ ಬೆರಕೆ ಭಾಗದ್ದು, ಕೆಳಗೆ ಬೇಟೆಗೆಂದು ಮರ ಕತ್ತರಿಸಿ ಹಗುರ ಮಾಡಿದ್ದು. ಕೊನೆಯದನ್ನು ಮೂಲರೂಪಕ್ಕೆ ತರಲು ಹೊರಟರೆ ಭಾಗಗಳ ಖರ್ಚೇ ಒಳ್ಳೆಯ ರೈಫಲ್ಲಿನ ಬೆಲೆ ಮೀರುತ್ತದೆ. ನಳಿಗೆಯನ್ನು ಕತ್ತರಿಸಿಲ್ಲವಾದರೆ ಮಾತ್ರ ಯೋಚಿಸಿ.

ದೂರದರ್ಶಕ ಕೂಡಿಸಿದ ಸ್ನೈಪರ್ ಮಾದರಿ ಎಂದ ಕೂಡಲೇ ಬೆಲೆ ಹಲವು ಪಟ್ಟು ಏರುತ್ತದೆ, ನಕಲೂ ಅಷ್ಟೇ. ಬ್ರಿಟಿಷ್ ನಂಬರ್ 4 ಟಿ ಮಾದರಿಯಲ್ಲಿ ಟಿ ಮುದ್ರೆ ರಿಸೀವರಿನ ಎಡಗೋಡೆಯ ಮೇಲಿರುತ್ತದೆ, ದೂರದರ್ಶಕದ ಸಂಖ್ಯೆ ಬಟ್ಟಿನ ಕತ್ತಿನ ಮೇಲೆ, ಪರಿವರ್ತಿಸಿದ ಹಾಲೆಂಡ್ ಅಂಡ್ ಹಾಲೆಂಡ್‌ನ ಎಸ್51 ಸಂಕೇತ ಬಟ್ಟಿನ ಅಡಿಯಲ್ಲಿ. ಮೋಸಿನ್‌ನಲ್ಲಿ ಇದರ ತಿರುಗುಮುರುಗು ಕೂಡ ಉಂಟು: ಸೇನೆಯೇ ದೂರದರ್ಶಕ ತೆಗೆದು ತೂತು ಮುಚ್ಚಿ ಸಾಮಾನ್ಯ ರೈಫಲ್ ಮಾಡಿಬಿಟ್ಟದ್ದು. ರಿಸೀವರಿನ ಎಡಬದಿಯಲ್ಲಿ ಬೆಸುಗೆ ಹಾಕಿದ ಎರಡು ದುಂಡು ಗುರುತು ಕಂಡರೆ ಮಾರುವವರು ದೋಷವೆಂದು ರಿಯಾಯಿತಿ ಕೊಡಬಹುದು. ತೆಗೆದುಕೊಳ್ಳಿ.

ಜತೆಗೆ ಸೇನೆಯ ಅನುಮತಿಪತ್ರ, ಪತ್ರ, ಫೋಟೊ ಇದ್ದರೆ ಬೆಲೆ ಕೂಡುತ್ತದೆ. ಕಾಗದದಲ್ಲಿ ಸರಣಿ ಸಂಖ್ಯೆ ಬರೆದಿದ್ದು ಅದು ಈ ರೈಫಲ್ಲಿನದೇ ಆಗಿದ್ದರೆ ಮಾತ್ರ.

ತಂದ ಮೇಲೆ

ಗಟ್ಟಿಯಾದ ಗ್ರೀಸನ್ನು ಟರ್ಪೆಂಟೈನ್‌ನಂಥ ದ್ರವದಿಂದ ಬಿಡಿಸಿ. ಸಡಿಲ ತುಕ್ಕಿಗೆ ಎಣ್ಣೆ ನೆನೆಸಿ, ಬಟ್ಟೆಯಿಂದಲೋ ಅತಿ ನಯವಾದ ಉಕ್ಕಿನ ನಾರಿನಿಂದಲೋ ಮೆಲ್ಲಗೆ ಉಜ್ಜಿದರೆ ಸಾಕು. ಕಂದು ಬಣ್ಣ ಉಳಿದರೆ ಉಳಿಯಲಿ. ಒಣಗಿದ ಮರಕ್ಕೆ ಅಗಸೆ ಎಣ್ಣೆ ತೆಳ್ಳಗೆ, ಅಂಗೈಯಲ್ಲಿ. ಹೊಸ ಮೇಲ್ಲೇಪ, ಪಾಲಿಯುರಿಥೇನ್, ಮರಳುಕಾಗದ ಬೇಡವೇ ಬೇಡ. ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಡಬೇಡಿ, ಚರ್ಮ ತೇವ ಹಿಡಿದು ತುಕ್ಕು ಬರಿಸುತ್ತದೆ. ನೆಟ್ಟಗೆ ನಿಲ್ಲಿಸುವುದಾದರೆ ಬಾಯಿ ಕೆಳಗೆ ಮಾಡಿ, ಎಣ್ಣೆ ಬಟ್ಟಿನ ಮರಕ್ಕೆ ಇಳಿಯುವುದಿಲ್ಲ. ಬೋಲ್ಟನ್ನು ಬೇರೆ ಕಡೆ ಬೀಗದಲ್ಲಿಡುವುದು ಒಳ್ಳೆಯದು. ಹಲವು ರೈಫಲ್‌ಗಳಿದ್ದರೆ ಪ್ರತಿ ಬೋಲ್ಟಿಗೂ ಅದರ ಸಂಖ್ಯೆಯ ಚೀಟಿ ಕಟ್ಟಿ, ಇಲ್ಲದಿದ್ದರೆ ಎಂಬತ್ತು ವರ್ಷ ಜತೆಗಿದ್ದದ್ದು ನಿಮ್ಮ ಮನೆಯಲ್ಲಿ ಅದಲುಬದಲಾದೀತು.